ಅರಿಶಿನ ಕೊಂಬಿನ ಹೊಗೆ

“ಮನೇಲಿ ಹೊಗೆ ಏನಾದ್ರೂ ಇರುತ್ತೇನಮ್ಮಾ?” ಜಿಗಣಿಯ ಡಾಕ್ಟರು ಕೇಳಿದ್ದು ಮರೆವ್ವನನ್ನು, ಉತ್ತರ ಕೊಟ್ಟವಳು ಮಗಳು ನೀಲಾಂಬಿಕಾ. “ಇಲ್ರೀ ಸರ್, ನಮ್ಮನ್ಯಾಗ ಗ್ಯಾಸ್ ಐತ್ರಿ.”

ವರ್ಷದಿಂದ ಹುಡುಗಿಯ ಮೂಗು ಕಟ್ಟಿದೆ, ಯಾವ ವಾಸನೆಯೂ ತಿಳಿಯುವುದಿಲ್ಲ. ಡಾಕ್ಟರು ಆಗಲೇ ಬಿಡಿಸಿ ಹೇಳಿದ್ದರು: “ಇದು ಬರೀ ನೆಗಡಿ ಅಲ್ಲಮ್ಮ. ಮೂಗಿನೊಳಗಿನ ಜೀವಕೋಶಗಳು ‘ಶತ್ರು ಬಂದ’ ಅಂತ ಒಂದಕ್ಕೊಂದು ಸುದ್ದಿ ಕಳಿಸ್ತವೆ. ಆ ಸುದ್ದಿ ಒಯ್ಯೋ ವಸ್ತುವಿಗೆ ಸೈಟೊಕೈನ್ ಅಂತೀವಿ. ಶತ್ರು ಹೋದ್ರೂ ಸುದ್ದಿ ನಿಂತಿಲ್ಲ, ಅದಕ್ಕೇ ಈ ಊತ. ಹೊಗೆ ತಾಗಿದ್ರೆ ಇನ್ನೂ ಜಾಸ್ತಿ.”

ನೆಗಡಿಯೆಂದುಕೊಂಡು ದಿನಾ ಅರಿಶಿನ ಕೊಂಬು ಸುಟ್ಟು, ಕೊಸರಾಡುವ ಮಗಳ ತಲೆಯನ್ನು ಒತ್ತಿ ಹಿಡಿದು ಹೊಗೆ ಕೊಡುತ್ತಿದ್ದವಳು ಮರೆವ್ವನೇ. ಇವತ್ತು ಬೆಳಿಗ್ಗೆಯೂ ಕೊಟ್ಟಿದ್ದಳು. “ಸುಮ್ನ ಎಳಕೋ, ನಾಟಕ ಮಾಡಬ್ಯಾಡ” ಎಂದು ಬೈದೂ ಇದ್ದಳು.

“ಖರೇನ ಹೊಗಿ ಇಲ್ರೀ ಸರ್.” ನೀಲಾಂಬಿಕಾ ಅವ್ವನ ಕೈ ಹಿಡಿದುಕೊಂಡು ಮತ್ತೊಮ್ಮೆ ಹೇಳಿದಳು. ಅವಳ ಮೂಗು ನೋಡಲು ಬಾಗಿದ ಡಾಕ್ಟರು ಅಲ್ಲೇ ನಿಂತು, ಮರೆವ್ವನ ಕಡೆ ತಿರುಗಿದರು. ಹುಡುಗಿಯ ಜಡೆಯಿಂದ ಸುಟ್ಟ ಅರಿಶಿನದ ಘಾಟು ಬರುತ್ತಿತ್ತು. ಆ ಕೋಣೆಯಲ್ಲಿ ಅದು ಗೊತ್ತಾಗದೇ ಇದ್ದದ್ದು ಅವಳೊಬ್ಬಳಿಗೇ.