ಆರೋಪಿ ಸಿಕ್ಕಿದ್ದಾನೆ

ಬೆಳಗಿನ ಜಾವ ಬಂಡೆಗೆ ಬಡಿದು ಒಡೆದ ಹಡಗು ಎಬ್ಬಿಸಿದ ಅಲೆಗೆ ಪಕ್ಕದಲ್ಲಿದ್ದ ಪುಟ್ಟ ದೋಣಿಯೊಂದು ಮಗುಚಿತು. ಅದರಲ್ಲಿ ಸುಗಂಧಿಯ ಗಂಡ ವಾಮನ ಒಬ್ಬನೇ ಇದ್ದ. ಮೂರನೇ ದಿನ ಹೆಣ ದಡಕ್ಕೆ ಬಂದಾಗ ಮೈಯೆಲ್ಲ ಹಡಗಿನ ಕಪ್ಪು ಎಣ್ಣೆ ಮೆತ್ತಿತ್ತು. ಎಷ್ಟು ತೊಳೆದರೂ ಹೋಗದೆ ಹಾಗೆಯೇ ಸುಟ್ಟರು.

ಆಮೇಲೆ ಆ ಕಡಲಲ್ಲಿ ಮೀನೂ ಸಿಗಲಿಲ್ಲ. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಸುಗಂಧಿ ಪ್ರತಿ ಸೋಮವಾರ ಠಾಣೆಗೆ ಬಂದು ಕೂರತೊಡಗಿದಳು.

"ಕ್ಯಾಪ್ಟನ್‌ನನ್ನು ಹಿಡಿದ್ರಾ ಸರ್?"

"ಜಾಮೀನು ಸಿಕ್ಕಿ ಅವನ ದೇಶಕ್ಕೆ ಹೋದ ಅಕ್ಕಾ," ಎಂದರು ಎಸ್ಸೈ.

"ಹಾಗಾದ್ರೆ ಹಡಗಿನ ಧಣಿ?"

"ಧಣಿ ಒಂದು ದೇಶದವ, ಹಡಗಿನ ಬಾವುಟ ಇನ್ನೊಂದು ದೇಶದ್ದು. ಕಾಗದ ಬರೆದಿದ್ದೇವೆ."

"ಒಂದು ಜೀವ ಹೋಗಿದೆ, ಇಡೀ ಕಡಲು ಹಾಳಾಗಿದೆ. ಯಾರೋ ಒಬ್ಬರದ್ದಾದರೂ ತಪ್ಪು ಇರಲೇಬೇಕಲ್ಲ ಸರ್?"

ಎಸ್ಸೈ ಕಡತ ಮಡಚಿ, ಮುಂದಿನ ಸೋಮವಾರ ಬರಲು ಹೇಳಿದರು.

ಹನ್ನೊಂದನೇ ತಿಂಗಳು ಠಾಣೆಯಿಂದಲೇ ಫೋನು ಬಂತು. ತನಿಖೆ ಮುಗಿದಿದೆ, ಆರೋಪಿ ಯಾರೆಂದು ಗೊತ್ತಾಗಿದೆ, ಬನ್ನಿ ಎಂದರು. ಸುಗಂಧಿ ಉಟ್ಟ ಸೀರೆಯಲ್ಲೇ ಓಡಿದಳು. ಎಂದೂ ಇಲ್ಲದಂತೆ ಎಸ್ಸೈ ಅಂದು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

"ಯಾರು ಸರ್ ಅವನು?"

ಅವರು ಅವಳ ಮುಖ ನೋಡದೆ ಕಾಗದ ಓದಿದರು: "ದೀಪವಿಲ್ಲದ ದೋಣಿಯನ್ನು ಹಡಗಿನ ದಾರಿಗೆ ತಂದು, ಅದನ್ನು ತಪ್ಪಿಸಲು ಹೋದ ಹಡಗು ಬಂಡೆಗೆ ಬಡಿಯಲು ಕಾರಣನಾದವನು ವಾಮನ ಕುಂದರ್. ಆರೋಪಿ ಮೃತಪಟ್ಟಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ."