ಜರಡಿ ಒಪ್ಪದ ತಿದ್ದುಪಡಿ

ಬೆಳಿಗ್ಗೆ ನೌಕರರ ದಾಖಲೆ ತೆರೆದಾಗಲೇ ಸಾವಿನ ಸುದ್ದಿ ತಿಳಿಯಿತು. ಜರಡಿ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಹೆಸರು ಅದೇ. ಹುಟ್ಟಿದಾಗಿನಿಂದ ಜೊತೆಗಿದ್ದ ಜೀವ. ಆ ಮನುಷ್ಯನಿಗೆ ಇವರಷ್ಟು ಹತ್ತಿರದವರು ಬೇರೆ ಯಾರಿದ್ದರು?

ಬಾಗಿಲಿನ ಯಂತ್ರವೂ ಇಂದು ಅವರ ಗುರುತಿನ ಚೀಟಿಯನ್ನು ಒಪ್ಪಿರಲಿಲ್ಲ. ಕಾವಲುಗಾರನೇ ಎದ್ದು ಬಂದು ಒಳಗೆ ಬಿಟ್ಟಿದ್ದ. ಕೆಟ್ಟ ದಿನವೆಂದರೆ ಹಾಗೆಯೇ.

ಆದರೆ ಅಳುತ್ತ ಕೂರುವ ಹೊತ್ತಲ್ಲ. ಮಧ್ಯಾಹ್ನದೊಳಗೆ ದಾಖಲೆಯನ್ನು ಹಿಂತೆಗೆದುಕೊಳ್ಳದಿದ್ದರೆ ಸಂತಾಪದ ಸಂದೇಶ ತಾನಾಗಿಯೇ ಮನೆಗೆ ಹೋಗುತ್ತದೆ. ಆ ಮನೆಯಾಕೆಯ ಎದೆ ಮೊದಲೇ ದುರ್ಬಲ. ಎದುರು ಕೂತು ಮೆಲ್ಲಗೆ ಹೇಳಿದರೆ ತಡೆದುಕೊಂಡಾಳು, ಯಂತ್ರ ಹೇಳಿದರೆ?

ತಿದ್ದುಪಡಿ ಟೈಪಿಸಿದರು. ‘ಅಮಾನ್ಯ’ ಎಂದಿತು ಪರದೆ.

ಎನ್ನದೆ ಏನು ಮಾಡೀತು? ಕಂಪ್ಯೂಟರಿನ ಹೊಟ್ಟೆಗೆ ಹೋಗುವ ಪ್ರತಿ ಅಕ್ಷರವನ್ನೂ ಸೋಸುವ ಆ ತಂತ್ರಾಂಶದ ಜರಡಿಯನ್ನು ಬರೆದವರು ಇವರೇ; ಜರಡಿ ಮೇಷ್ಟ್ರೆಂಬ ಹೆಸರೂ ಅದರಿಂದಲೇ. ವಯಸ್ಸಿನ ಜಾಗದಲ್ಲಿ ಹೆಸರು ಬರೆದರೆ ಒಳಬಿಡದು. ಇನ್ನೂ ಹುಟ್ಟದವರನ್ನು ಕೆಲಸಕ್ಕೆ ಸೇರಿಸಿದರೆ ಮುಖಕ್ಕೆ ಎಸೆಯುವುದು. ಹೋದವರು ತಿರುಗಿ ಬರುವುದಿಲ್ಲ, ಆಮೇಲೆ ಯಾವ ತಿದ್ದುಪಡಿಯೂ ಸಲ್ಲದು ಎಂಬ ಹೊಸ ನಿಯಮವೂ ಇವರದೇ. ನಿನ್ನೆ ಸಂಜೆ ಅದನ್ನು ಸೇರಿಸಿ, ಪರೀಕ್ಷಿಸಿ, ದೇವರಿಗೆ ಕೈಮುಗಿದು ಮನೆಗೆ ಹೋಗಿದ್ದರು. ಪರೀಕ್ಷೆಗೆಂದರೂ ಸುಳ್ಳು ಹೆಸರು ಬರೆಯದ ಭಕ್ತರು.

“ಒಳ್ಳೆಯ ಮನುಷ್ಯ, ಮೇಷ್ಟ್ರೇ. ಸ್ವಲ್ಪ ಹಟಮಾರಿ, ಅಷ್ಟೇ,” ಎಂದರು ಪಕ್ಕದ ಮೇಜಿನ ಅಕ್ಕ.

“ಹೋದವರ ಬಗ್ಗೆ ಹಾಗೆಲ್ಲ ಮಾತಾಡಬಾರದಮ್ಮ.”

“ಇದ್ದಾಗ ಹೇಳೋಕೆ ಬಿಟ್ಟಿದ್ದರೆ ತಾನೆ?” ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. ಭುಜ ಕುಲುಕುತ್ತಿತ್ತು. ಮೇಷ್ಟ್ರು ಮುಖ ತಿರುಗಿಸಿಕೊಂಡರು.

ಇನ್ನೊಂದು ದಾರಿ ಹಿಡಿದರು. ಅಮಾನ್ಯ. ಮತ್ತೊಂದು. ಅಮಾನ್ಯ. ತಾನೇ ಕಟ್ಟಿದ ಬೇಲಿಯಲ್ಲಿ ಒಂದು ಕಂಡಿಯಾದರೂ ಬಿಡಬಾರದಿತ್ತೆ! ಅಷ್ಟರಲ್ಲಿ ಮಧ್ಯಾಹ್ನವೂ ಆಯಿತು, ಫೋನೂ ಬಡಿದುಕೊಂಡಿತು. ಆಕೆಯೇ.

“ಸಂದೇಶ ಬಂತು.”

“ಮೊದಲು ಕೂತ್ಕೋ. ನೀರು ಕುಡಿ.”

“ಕೂತೇ ಇದ್ದೀನಿ. ನಿಮ್ಮ ಪರೀಕ್ಷೆಗೆ ಬೇರೆ ಯಾರ ಹೆಸರೂ ಸಿಗಲಿಲ್ವೇನ್ರೀ?”

“ಇನ್ನೊಬ್ಬರ ಹೆಸರಿನ ಮುಂದೆ ಸಾವು ಅಂತ ಬರೆಯೋಕೆ ಕೈ ಬರಲಿಲ್ಲ ಕಣೇ.”

“ಸರಿ. ದಿವಂಗತರು ಊಟಕ್ಕೆ ಬರ್ತೀರೋ, ಇಲ್ಲ ನನ್ನೊಬ್ಬಳಿಗೇ ಅಡುಗೆ ಮಾಡಿಕೊಳ್ಳಲೋ?”

ಮೇಷ್ಟ್ರು ಫೋನಿಟ್ಟು, ಕಣ್ಣು ಮುಚ್ಚಿ, ಕೈಮುಗಿದರು: ದೇವರೇ, ಅಗಲಿದ ಈ ಬಡಪಾಯಿಯ ಆತ್ಮಕ್ಕೆ ಮನೆಯ ಹೊಸಿಲು ದಾಟಿದ ಮೇಲಾದರೂ ಶಾಂತಿ ಕೊಡು.