ಗಣಿತ ಪುಸ್ತಕದ ಮೇಲಿನ ಚೀನಾ

ಮೈದಾ ಕುದಿಸಿದ ಗೋಂದಿನ ವಾಸನೆ ಈಗಲೂ ನನ್ನನ್ನು ಜಾಲಹಳ್ಳಿಯ ಮನೆಯ ಆ ಭಾನುವಾರದ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಚಿಕ್ಕಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಯೂನಿಯನ್ ಮುಖಂಡ. ಅವನಿಗೆ ಚೀನಾದಿಂದ ಬಣ್ಣದ ಪತ್ರಿಕೆ ಬರುತ್ತಿತ್ತು. ಅವನು ಓದಿ ಮುಗಿಸಿದ ಮೇಲೆ ಆ ನುಣುಪಾದ ಹಾಳೆಗಳಿಂದ ನನ್ನ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದೆವು. ಗಣಿತ ಪುಸ್ತಕದ ಮೇಲಿದ್ದದ್ದು, ಚೀನಾದ ತೀರಿಕೊಂಡ ದೊಡ್ಡ ನಾಯಕನ ಶೋಕಸಭೆಯಲ್ಲಿ ಸಾಲಾಗಿ ನಿಂತ ಮುಖಂಡರ ಚಿತ್ರ.

ಅಂದು ಬೈಂಡಿಗೆಂದು ಬಿಚ್ಚಿದ ಹೊಸ ಸಂಚಿಕೆಯಲ್ಲೂ ಅದೇ ಚಿತ್ರವಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ಸಾಲಿನ ನಡುವೆ ಜಾಗ ಖಾಲಿಯಿತ್ತು.

“ಚಿಕ್ಕಪ್ಪ, ತಲೆಗೆ ಕಪ್ಪು ಬಟ್ಟೆ ಕಟ್ಕೊಂಡಿದ್ದ ಹೆಂಗಸು ಎಲ್ಲೋದ್ರು?”

ಚಿಕ್ಕಪ್ಪ ಬಗ್ಗಿ ನೋಡಿದ.

“ಯಾರ್ಲಾ ಅವ್ಳು?” ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಕೇಳಿದಳು. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು.

“ಸತ್ತೋದ ನಾಯಕರ ಹೆಂಡ್ತಿ ಕಣವ್ವ. ಪಕ್ಷಕ್ಕೆ ದ್ರೋಹ ಮಾಡಿದ್ರಂತೆ. ಜೈಲಿಗೆ ಹಾಕವ್ರೆ.”

“ಅದ್ಕೆ ಫೋಟೋದಿಂದಾನೂ ತೆಗೆದಾಕ್ಬುಟ್ರಾ? ಗಂಡನ ಸಾವಲ್ಲೂ ಎಂಡ್ತಿ ಇರಂಗಿಲ್ವಾ?”

“ನಿಂಗದೆಲ್ಲ ಅರ್ಥ ಆಗಲ್ಲ, ಸುಮ್ನಿರವ್ವ.”

“ಅರ್ಥ ಆಗ್ದೆ ಏನ್ಲಾ? ನಮ್ಮಲ್ಲಿ ಗಂಡ ಸತ್ತೋಳ್ಗೆ ಮೊದ್ಲೇ ದೂರ ನಿಲ್ಲು ಅಂತಾರೆ. ಅವ್ರು ನಿಲ್ಲಿಸ್ಬುಟ್ಟು ಆಮೇಲೆ ಅಳಿಸವ್ರೆ. ಅಷ್ಟೇಯ.”

ಸಿಟ್ಟಿಲ್ಲದೆ ಹೇಳಿ ಅಜ್ಜಿ ಮತ್ತೆ ಅವರೆಕಾಯಿಗೆ ಕೈಹಾಕಿದಳು. ಗೋಂದಿನ ಬೆರಳುಗಳನ್ನು ಒರೆಸಿಕೊಳ್ಳುತ್ತ ಚಿಕ್ಕಪ್ಪ ಗೋಡೆಯ ಕಡೆ ನೋಡಿದ. ನಾನೂ ನೋಡಿದೆ. ಅಲ್ಲಿ ಅವನ ಮದುವೆಯ ಫೋಟೋ ತೂಗುತ್ತಿತ್ತು. ಮನೆಯವರು, ನೆಂಟರು, ಯೂನಿಯನ್ನಿನ ಗೆಳೆಯರು, ಎಲ್ಲರೂ ಅದರಲ್ಲಿದ್ದರು. ಅಜ್ಜಿ ಇರಲಿಲ್ಲ.